ಮೂರು ಲಕ್ಷ ಅರವತ್ತು ಸಾವಿರ ಮೊಳೆ, ಇಪ್ಪತ್ತು ತಲೆಹೊರೆ

304 ಪುಟದ ಒಂದು ಕಾದಂಬರಿಯನ್ನು ಕೈಗೆತ್ತಿಕೊಳ್ಳಿ. ಹಳೆಯ ಕಾಲದ್ದು, ಸೀಸದ ಮೊಳೆ ಜೋಡಿಸಿ ಅಚ್ಚು ಮಾಡಿದ್ದು. ಪುಟಕ್ಕೆ ಸುಮಾರು 30 ಸಾಲು, ಸಾಲಿಗೆ 30 ಅಕ್ಷರ. ಕನ್ನಡಕ್ಕೆ ಬರಿಯ ಅಕ್ಷರ ಸಾಲದು, ಒತ್ತು ಬೇಕು, ದೀರ್ಘ ಬೇಕು, ಪದಗಳ ನಡುವೆ ಜಾಗ ಬಿಡುವ ತುಂಡುಗಳೂ ಬೇಕು. ಎಲ್ಲ ಸೇರಿ ಪುಟಕ್ಕೆ 1,200 ಮೊಳೆ ಎಂದು ಹಿಡಿದರೆ ಹೆಚ್ಚೇನೂ ಅಲ್ಲ. ಅಲ್ಲಿಗೆ ಒಂದು ಪುಸ್ತಕಕ್ಕೆ 3,64,800 ಮೊಳೆ. ಒಂದೊಂದನ್ನೂ ಗೂಡಿನಿಂದ ಬೆರಳಲ್ಲಿ ಹೆಕ್ಕಿ, ತಲೆಕೆಳಗಾಗದ ಹಾಗೆ ಸಾಲಿಗೆ ಕೂರಿಸಬೇಕು. ಅಚ್ಚಾದ ಮೇಲೆ ಅಷ್ಟನ್ನೂ ಬಿಚ್ಚಿ, ತೊಳೆದು, ಪುನಃ ಅದರದರ ಗೂಡಿಗೆ ಹಾಕಬೇಕು. ಹಾಕದಿದ್ದರೆ ಮುಂದಿನ ಪುಟಗಳಿಗೆ ಮೊಳೆ ಇರುವುದಿಲ್ಲ. ಹೀಗೆ ಹೋಗಿ ಬರುವ ಲೆಕ್ಕ ಏಳು ಲಕ್ಷ ದಾಟುತ್ತದೆ. ಕೈ ಪಳಗಿದವನು ಗಂಟೆಗೆ ಸಾವಿರ ಮೊಳೆ ಜೋಡಿಸಿದ ಎಂದಿಟ್ಟುಕೊಂಡರೂ, ದಿನಕ್ಕೆ ಎಂಟು ಗಂಟೆಯಂತೆ ಬರಿಯ ಜೋಡಣೆಗೇ ಒಂದೂವರೆ ತಿಂಗಳು.

ಇನ್ನು ಅಚ್ಚು. ಹಾಳೆಯ ಒಂದು ಮೈಗೆ ಎಂಟು ಪುಟ, ಇನ್ನೊಂದು ಮೈಗೆ ಎಂಟು. 304 ಪುಟಕ್ಕೆ 19 ಹಾಳೆ. ಸಾವಿರ ಪ್ರತಿ ಬೇಕಾದರೆ 19,000 ಹಾಳೆಯನ್ನು ಎರಡೂ ಮೈ ಒತ್ತಬೇಕು, ಅಂದರೆ 38,000 ಒತ್ತು. ಪ್ರತಿ ಹಾಳೆಯನ್ನೂ ಮೂರು ಸಲ ಮಡಚಿದರೆ 57,000 ಮಡಿಕೆ. ಆಮೇಲೆ ಜೋಡಿಸುವುದು, ಹೊಲಿಯುವುದು, ರಟ್ಟು ಕಟ್ಟುವುದು, ಅಂಚು ಕತ್ತರಿಸುವುದು.

ಇಷ್ಟೂ ಆದಮೇಲೆ ಪುಸ್ತಕ ಮಾರಾಟವಾಗಬೇಕು. ಮಾರುವವರು ಯಾರು? ಬರೆದವರೇ.

ಬರೆದವರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಇವರನ್ನು ಕನ್ನಡನಾಡು ಬಲ್ಲದ್ದು ಗಳಗನಾಥ ಎಂಬ ಹೆಸರಿನಿಂದ. ಅದು ಊರಿನ ಹೆಸರು. ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ, ಹಾವೇರಿ ತಾಲ್ಲೂಕಿನಲ್ಲಿ, ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿಯಿರುವ ಊರು. ಹೊಳೆ ದಾಟಿದರೆ ಹಡಗಲಿ ಸೀಮೆ. ಹಡಗಲಿಯ ಈ ದಂಡೆಯ ಮೇಲೆ ಮೈಲಾರ. ಈ ಭಾಗದವರು ಮೈಲಾರ ಜಾತ್ರೆಯ ಬಿಲ್ಲು, ಗೊರವರು, ಕಾರಣಿಕದ ಭವಿಷ್ಯವಾಣಿ ಎಂದರೆ ಕಿವಿ ನಿಮಿರಿಸುತ್ತಾರೆ. ಹೊಳೆಯಾಚೆಯ ದಂಡೆಯ ಊರಿನ ಹೆಸರು ಹೊತ್ತ ಈ ಮನುಷ್ಯನ ದುಡಿಮೆಯ ಲೆಕ್ಕವನ್ನೂ ಅಷ್ಟೇ ಬೆರಗಿನಿಂದ ಕೇಳಬೇಕು ಎಂದು ನನಗೆ ಅನಿಸುತ್ತದೆ.

ಶಾಲಾ ಮಾಸ್ತರಿಕೆಯಿಂದ ಬದುಕು ಆರಂಭಿಸಿದವರು. 1898ರ ಸುಮಾರಿಗೆ ‘ಪ್ರಬುದ್ಧ ಪದ್ಮನಯನೆ’ ಬಂತು. 1907ರಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದರ ಬರವಣಿಗೆಯ ಭಾರವನ್ನು ಹೊತ್ತವರು ಇವರು. ಮುಂದೆ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ಕಾದಂಬರಿಗಳೇ ಸುಮಾರು 24. ಅವುಗಳ ಜೊತೆಗೆ ಪುರಾಣ ಕಥೆ, ಚರಿತ್ರೆ, ಪ್ರಬಂಧ. ಕಾದಂಬರಿಯೊಂದಕ್ಕೆ ಸರಾಸರಿ 250 ಪುಟ, ಪುಟಕ್ಕೆ 200 ಪದ ಎಂದುಕೊಂಡು ಕೂಡಿಸಿದರೆ 12 ಲಕ್ಷ ಪದ. ಇದನ್ನು ನಲವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 82 ಪದ.

ಈ 82 ನನ್ನನ್ನು ತಡೆದು ನಿಲ್ಲಿಸಿದ ಸಂಖ್ಯೆ. ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುವಷ್ಟು ಬರಹ. ಲೇಖಕನ ದಿನವೆಂದರೆ ಬರೆಯುವುದೇ ದಿನ ಎಂದು ನಾವು ತಿಳಿದಿರುತ್ತೇವೆ. ತನ್ನ ಪುಸ್ತಕವನ್ನು ತಾನೇ ಪ್ರಕಟಿಸುವವನ ದಿನದಲ್ಲಿ ಬರವಣಿಗೆಯೇ ಎಲ್ಲಕ್ಕಿಂತ ಸಣ್ಣ ಪಾಲು. ಉಳಿದ ಹೊತ್ತನ್ನೆಲ್ಲ ಕರಡು ತಿದ್ದುವುದು, ಕಾಗದ ಹೊಂದಿಸುವುದು, ಸಾಲ ತರುವುದು, ಚಂದಾದಾರರ ವಿಳಾಸ ಬರೆಯುವುದು, ಅಂಟು ಹಚ್ಚುವುದು, ಕಟ್ಟು ಕಟ್ಟುವುದು, ನಡೆಯುವುದು ತಿನ್ನುತ್ತವೆ. ಇವುಗಳ ನಡುವೆ ಆ 82 ಪದಕ್ಕೆ ಬೇಕಾದ ನೆಮ್ಮದಿಯನ್ನು ದಿನವೂ, ನಲವತ್ತು ವರ್ಷ, ಹೇಗೆ ಉಳಿಸಿಕೊಂಡರು?

ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ಉತ್ತರ ಕರ್ನಾಟಕದ ಸಾಹಿತ್ಯದ ಮನೆಮಾತು. ಅದನ್ನೂ ತೂಗಿ ನೋಡೋಣ. 304 ಪುಟದ ಪುಸ್ತಕ ಸುಮಾರು 350 ಗ್ರಾಂ. ಸಾವಿರ ಪ್ರತಿ ಎಂದರೆ ಮೂರೂವರೆ ಕ್ವಿಂಟಾಲ್. ನಡೆದು ಹೋಗುವವನು ಹೊರಬಲ್ಲದ್ದು ಐವತ್ತು ಪ್ರತಿ, ಹದಿನೇಳೂವರೆ ಕಿಲೋ. ಒಂದು ಮುದ್ರಣಕ್ಕೆ ಇಪ್ಪತ್ತು ತಲೆಹೊರೆ. ಒಂದೊಂದು ಊರಲ್ಲಿ ಐದು ಪ್ರತಿ ಹೋದವೆಂದರೆ ಬಹಳವೇ ಹೋದವು. ಆದರೂ ಇನ್ನೂರು ಊರು ಸುತ್ತಬೇಕು. ಊರಿನಿಂದ ಊರಿಗೆ ಒಂದು ಹರದಾರಿ, ಐದು ಕಿಲೋಮೀಟರ್ ಎಂದುಕೊಂಡರೂ ಒಂದೇ ಒಂದು ಕಾದಂಬರಿಗೆ ಸಾವಿರ ಕಿಲೋಮೀಟರ್ ದಾರಿ. ಬೇಸಿಗೆಯ ಎರೆಹೊಲದ ದಾರಿ, ಮಳೆಗಾಲದಲ್ಲಿ ಕಾಲು ಹೂತುಹೋಗುವ ಅದೇ ಎರೆ. ಪುಸ್ತಕ ನೆನೆದರೆ ಮುಗಿಯಿತು.

ಎಲ್ಲವನ್ನೂ ಹೊತ್ತೇ ಮಾರಬೇಕಾಗಿರಲಿಲ್ಲ, ನಿಜ. 1877ರಿಂದ ಅಂಚೆಯಲ್ಲಿ ವ್ಹಿ.ಪಿ. ಇತ್ತು, 1879ರಿಂದ ಕಾಲಾಣೆಗೆ ಪೋಸ್ಟ್ ಕಾರ್ಡು ಸಿಗುತ್ತಿತ್ತು. ಓದುಗ ಕಾರ್ಡು ಬರೆದರೆ ಪುಸ್ತಕ ವ್ಹಿ.ಪಿ.ಯಲ್ಲಿ ಹೋಗುತ್ತದೆ, ಅಂಚೆಯವನು ಬಾಗಿಲಲ್ಲಿ ಹಣ ತೆಗೆದುಕೊಂಡು ಪುಸ್ತಕ ಕೊಡುತ್ತಾನೆ, ಹಣ ಮನಿಯಾರ್ಡರಾಗಿ ಲೇಖಕನಿಗೆ ಬರುತ್ತದೆ. ಕನ್ನಡದ ಸಣ್ಣ ಪ್ರಕಾಶಕರು, ಮಾಸಪತ್ರಿಕೆಗಳು ಬದುಕಿದ್ದೇ ಈ ಏರ್ಪಾಟಿನ ಮೇಲೆ. ಆದರೆ ಓದುಗ ಬೇಡವೆಂದರೆ ಕಟ್ಟು ತಿರುಗಿ ಬರುತ್ತದೆ, ಅಂಚೆವೆಚ್ಚ ಲೇಖಕನ ತಲೆಗೆ. ಅಲ್ಲದೆ ಅಂಚೆ ಹೋಗುವುದು ಆಗಲೇ ಕೇಳಿದವನ ಮನೆಗೆ. ಕಾದಂಬರಿ ಎಂಬುದೊಂದಿದೆ ಎಂದೇ ತಿಳಿಯದವನ ಮುಂದೆ ಗಂಟು ಬಿಚ್ಚಿ ತೋರಿಸಲು ಮನುಷ್ಯನೇ ಹೋಗಬೇಕಿತ್ತು.

ಹಾಗೆ ತಿಳಿಯದವರು ಎಷ್ಟು ಜನ? 1901ರ ಜನಗಣತಿಯಲ್ಲಿ ಕನ್ನಡ ಮಾತಾಡುವವರು ಒಂದು ಕೋಟಿಯ ಆಸುಪಾಸು. ಆ ವರ್ಷ ಇಡೀ ಇಂಡಿಯಾದಲ್ಲಿ ಓದುಬರಹ ಬಲ್ಲವರು ನೂರಕ್ಕೆ 5.35. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ, ಸಾವಿರಕ್ಕೆ ಆರು. ಇದೇ ಪ್ರಮಾಣವನ್ನು ಕನ್ನಡಿಗರಿಗೂ ಹಚ್ಚಿದರೆ ಜಗತ್ತಿನಲ್ಲೆಲ್ಲ ಕನ್ನಡ ಓದಬಲ್ಲವರು ಐದು ಲಕ್ಷ ಚಿಲ್ಲರೆ. ಅದರಲ್ಲಿ ಕಂದಾಯದ ಚೀಟಿ ಓದುವಷ್ಟೇ ಬಲ್ಲವರೂ ಸೇರಿದ್ದಾರೆ, ಪುಸ್ತಕಕ್ಕೆ ಕಾಸು ಬಿಚ್ಚಲಾರದವರೂ ಸೇರಿದ್ದಾರೆ.

ಈ ಐದು ಲಕ್ಷವೂ ಒಂದೆಡೆ ಇರಲಿಲ್ಲ. ಹಾವೇರಿ ಮುಂಬಯಿ ಪ್ರಾಂತ್ಯದಲ್ಲಿ. ಹೊಳೆ ದಾಟಿ ಮೈಲಾರಕ್ಕೆ ಕಾಲಿಟ್ಟರೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ದಕ್ಷಿಣಕ್ಕೆ ಹರಿಹರ ದಾಟಿದರೆ ಮೈಸೂರು ಮಹಾರಾಜರ ಸೀಮೆ. ಕೊಪ್ಪಳ, ರಾಯಚೂರಿಗೆ ಹೋದರೆ ನಿಜಾಮರ ರಾಜ್ಯ, ಅಲ್ಲಿ ಚಲಾವಣೆಯ ನಾಣ್ಯವೇ ಬೇರೆ, ಹಾಲಿ ಸಿಕ್ಕಾ. ಸರಕಾರದ ಮಾತು ಒಂದೆಡೆ ಮರಾಠಿ, ಒಂದೆಡೆ ತೆಲುಗು, ತಮಿಳಿನ ಒಡನಾಟ, ಇನ್ನೊಂದೆಡೆ ಉರ್ದು. ಒಬ್ಬ ಕಾದಂಬರಿಕಾರನಿಗೆ ಸಾವಿರ ಓದುಗರು ಬೇಕಿದ್ದರೆ ಆ ಸಾವಿರ ಮಂದಿ ನಾಲ್ಕಾರು ಸರಕಾರಗಳಡಿ ಚದುರಿಹೋಗಿದ್ದರು. ಬಳ್ಳಾರಿ ಜಿಲ್ಲೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಈ ಎರಡು ದಂಡೆಗಳು ಒಂದೇ ರಾಜ್ಯವಾದದ್ದು 1956ರಲ್ಲಿ. ಅಷ್ಟರಲ್ಲಿ ಗಳಗನಾಥರು ತೀರಿ 14 ವರ್ಷ. ಸರಕಾರ ಕೂಡಿಸುವ ಮೊದಲೇ ಆ ಓದುಗರನ್ನು ಕೂಡಿಸಿದ್ದು ಅವರ ಪುಸ್ತಕ.

ಅಕ್ಷರ ಬಾರದವರೆಲ್ಲ ಕಾದಂಬರಿಯಿಂದ ಹೊರಗೇ ಉಳಿದರು ಎಂದೇನಲ್ಲ. ಒಬ್ಬ ಓದುವುದು, ಹತ್ತು ಮಂದಿ ಕೇಳುವುದು ನಮ್ಮ ಸೀಮೆಯ ಹಳೆಯ ರೂಢಿ. ಪುರಾಣ ಓದಿಸುತ್ತಿದ್ದ ಪಡಸಾಲೆಗೆ ಕಾದಂಬರಿಯೂ ಬಂತು. ಹಾಗಾಗಿ ಮಾರಾಟವಾದ ಪ್ರತಿಗಳ ಲೆಕ್ಕದಿಂದ ಕಥೆ ತಲುಪಿದವರ ಲೆಕ್ಕ ಸಿಗಲಾರದು. ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹಿಡಿಸಿದವರು ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು, ಈ ಕಡೆ ಗಳಗನಾಥರು ಎಂದು ಹಿರಿಯರು ಹೇಳುತ್ತ ಬಂದದ್ದು ಇದಕ್ಕೇ.

ಮಾತು ಹರಡುವ ಬಗೆಗೆ ಮೈಲಾರದಷ್ಟು ದೊಡ್ಡ ಉದಾಹರಣೆ ಬೇರೆ ಬೇಕಿಲ್ಲ. ಭರತ ಹುಣ್ಣಿಮೆಯ ಜಾತ್ರೆಗೆ ಅಲ್ಲಿನ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಕರಿಯ ಕಂಬಳಿಯ ಗೊರವರು, ಡಮರುಗದ ಸದ್ದು, ‘ಏಳು ಕೋಟಿ’ಯ ಘೋಷ. ಉಪವಾಸ ವ್ರತ ಹಿಡಿದ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಲೇ ಆ ಜನಸಾಗರ ಉಸಿರು ಹಿಡಿಯುತ್ತದೆ. ಆಮೇಲೆ ಒಂದೇ ವಾಕ್ಯ, ನಾಲ್ಕೈದು ಪದ. ಅಷ್ಟಕ್ಕೇ ಕಾರಣಿಕ ಮುಗಿಯಿತು. ಸಂಜೆಯೊಳಗೆ ಆ ವಾಕ್ಯ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕಟ್ಟೆಗಳಲ್ಲಿರುತ್ತದೆ. ಮಳೆ, ಬೆಳೆ, ರಾಜಕಾರಣ ಎಲ್ಲಕ್ಕೂ ಹಚ್ಚಿ ಅರ್ಥ ಮಾಡುತ್ತಾರೆ, ವರ್ಷವಿಡೀ ಮಾಡುತ್ತಾರೆ. ಕಾಗದ ಇಲ್ಲ, ಮೊಳೆ ಇಲ್ಲ, ಅಂಚೆ ಇಲ್ಲ. ನಾಲ್ಕೈದು ಪದಕ್ಕೆ ಲಕ್ಷಾಂತರ ಕಿವಿ.

ಗಳಗನಾಥರದು ತಿರುಗುಮುರುಗು ಲೆಕ್ಕ. ಹನ್ನೆರಡು ಲಕ್ಷ ಪದ, ಓದುಗರು ಒಬ್ಬೊಬ್ಬರಾಗಿ ಸಿಗಬೇಕು. ಗೊರವಯ್ಯನ ಮಾತಿಗೆ ಜನ ಕಾದು ನಿಂತಿರುತ್ತಾರೆ. ಅದರ ಹಿಂದೆ ದೇವರಿದ್ದಾನೆ, ತಲೆತಲಾಂತರದ ನಂಬಿಕೆಯಿದೆ. ಕಾದಂಬರಿಗೆ ಯಾರೂ ಕಾದಿರಲಿಲ್ಲ. ಕಾಯುವ ಮಂದಿಯನ್ನೂ ಬರೆದವರೇ ಹುಟ್ಟಿಸಬೇಕಿತ್ತು.

ಯಾಕಾಗಿ ಇಷ್ಟು? ಹಣಕ್ಕೆ ಎಂದರೆ ಲೆಕ್ಕ ಕೂಡುವುದಿಲ್ಲ. ಮಾಸ್ತರಿಕೆಯ ಸಂಬಳವೇ ಇದಕ್ಕಿಂತ ಭದ್ರ. ಉತ್ತರವನ್ನು ಅವರು ಆರಿಸಿಕೊಂಡ ವಸ್ತುಗಳಲ್ಲಿ ಹುಡುಕಬೇಕು. ಮುಂಬಯಿ ಕರ್ನಾಟಕದಲ್ಲಿ ಆಗ ಓದು ಬಲ್ಲವರ ಕೈಯಲ್ಲಿ ಇರುತ್ತಿದ್ದದ್ದು ಮರಾಠಿ ಪುಸ್ತಕ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದೂ ಕನ್ನಡದ ಆ ದೈನ್ಯ ನೋಡಲಾರದೆ. ಹರಿ ನಾರಾಯಣ ಆಪಟೆಯವರು ವಿಜಯನಗರದ ಪತನವನ್ನು ಮರಾಠಿಯಲ್ಲಿ ‘ವಜ್ರಾಘಾತ’ವಾಗಿ ಬರೆದರು. ಹಂಪಿಯ ಕಥೆಯನ್ನು ಹಂಪಿಯ ನೆರೆಯವರೇ ಮರಾಠಿಯಲ್ಲಿ ಓದಬೇಕಾದ ಸ್ಥಿತಿ. ಗಳಗನಾಥರು ಅದನ್ನು ಕನ್ನಡಕ್ಕೆ ತಂದು ‘ಕನ್ನಡಿಗರ ಕರ್ಮಕಥೆ’ ಎಂದು ಕರೆದರು. 1923ರಲ್ಲಿ ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರ ಹುಟ್ಟಿದ ಕಥೆಯನ್ನೇ ಬರೆದರು. ಈ ಕಡೆಯ ಜನರಿಗೆ ಅವರ ನೆಲದ್ದೇ ಚರಿತ್ರೆ ಅವರ ಮಾತಿನಲ್ಲಿ ಸಿಗಬೇಕು ಎಂಬ ಹಟ ಅದು. ಇವತ್ತು ಹಡಗಲಿ, ಕೊಟ್ಟೂರು, ಕೂಡ್ಲಿಗಿಗಳೆಲ್ಲ ವಿಜಯನಗರ ಎಂಬ ಹೆಸರಿನ ಜಿಲ್ಲೆಯಲ್ಲೇ ಇವೆ.

ಇದು ಅವರೊಬ್ಬರ ಕಥೆಯೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿದ್ದ ಮಾಸ್ತಿಯವರೂ ತಮ್ಮ ಪುಸ್ತಕಗಳನ್ನು ತಾವೇ ಜೀವನ ಕಾರ್ಯಾಲಯದಿಂದ ಹೊರತಂದರು. ಪುತ್ತೂರಿನಲ್ಲಿ ಕಾರಂತರು ಅಚ್ಚಿನ ಕೆಲಸಕ್ಕೂ ಕೈ ಹಾಕಿದರು. ಕುವೆಂಪು ಅವರ ಉದಯರವಿ, ತೇಜಸ್ವಿಯವರ ಪುಸ್ತಕ ಪ್ರಕಾಶನ ಇದೇ ಸಾಲಿನವು. ಕನ್ನಡದ ದೊಡ್ಡ ಕಾದಂಬರಿಕಾರರಲ್ಲಿ ಎಷ್ಟು ಮಂದಿ ತಮ್ಮ ಪುಸ್ತಕಕ್ಕೆ ತಾವೇ ಬಂಡವಾಳ ಹೂಡಿದ್ದಾರೆ ಎಂದು ನೋಡಿದರೆ, ಸ್ವಂತ ಪ್ರಕಟಣೆಯನ್ನು ಕೀಳೆಂದು ಎಣಿಸುವ ಮಾತು ನಿಲ್ಲುವುದೇ ಇಲ್ಲ.

ಈಗಿನ ಲೆಕ್ಕ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ಓದಬಲ್ಲವರು ಮೂರು ಕೋಟಿಯ ಆಸುಪಾಸು ಎಂದರೆ ತಪ್ಪಾಗದು. ಐದು ಲಕ್ಷ ಇದ್ದದ್ದು ಮೂರು ಕೋಟಿ, ಅರವತ್ತು ಪಟ್ಟು. ಮೊಳೆ ಹೋಯಿತು, ಹೊಸ ಕಾದಂಬರಿಕಾರ ಬೆಳಗಿನ ಜಾವ ಮೊಬೈಲಿನಲ್ಲೇ ಅಕ್ಷರ ಒತ್ತಿ, ಡಿಟಿಪಿಗೆ ಕಳಿಸಿ, ಹತ್ತು ಪ್ರತಿ ಬೇಕಾದರೆ ಹತ್ತನ್ನೇ ಅಚ್ಚು ಹಾಕಿಸಬಹುದು. ಏಳು ಲಕ್ಷ ಸಲ ಬೆರಳಾಡಿಸುವ ಕೆಲಸ ಇಲ್ಲ. ಆದರೂ ಹೊಸ ಲೇಖಕನ ಕಾದಂಬರಿಯ ಮೊದಲ ಮುದ್ರಣ ಇವತ್ತಿಗೂ ಸಾವಿರ ಪ್ರತಿ ದಾಟುವುದು ಅಪರೂಪ. ಓದಬಲ್ಲವರು ಅರವತ್ತು ಪಟ್ಟು ಬೆಳೆದರೂ ಈ ಸಾವಿರ ಅಲ್ಲಾಡಿಲ್ಲ. ಕೆಲವೊಮ್ಮೆ ಐನೂರಕ್ಕೂ ಇಳಿದಿದೆ.

ಒಂದು ಪ್ರತಿಯ ಬೆಲೆ ಏನು ಎನ್ನುವವರು ಬೀchi ಅವರನ್ನು ನೆನೆಯಲಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಮೊದಲಿಗೆ ಕನ್ನಡ ಪುಸ್ತಕದ ಕಡೆ ತಿರುಗಿ ನೋಡಿದವರಲ್ಲ. ಅನಕೃ ಅವರ ‘ಸಂಧ್ಯಾರಾಗ’ದ ಒಂದು ಪ್ರತಿ ಕೈಗೆ ಬಿತ್ತು, ಓದಿದರು. ಆಮೇಲೆ ತಾವೇ ಬರೆದ ಪುಸ್ತಕಗಳು ಅರವತ್ತರ ಆಸುಪಾಸು.

ಮೂರು ಕೋಟಿಯಲ್ಲಿ ಹತ್ತು ಸಾವಿರಕ್ಕೆ ಒಬ್ಬರು ಕೊಂಡರೆ ಮೂರು ಸಾವಿರ ಪ್ರತಿ, ಈಗಿನ ಮೂರು ಮುದ್ರಣ. ಹತ್ತು ಸಾವಿರದಲ್ಲಿ ಆ ಒಬ್ಬರು ಎಲ್ಲಿದ್ದಾರೆಂದು ಯಾವ ಮೊಬೈಲೂ ಲೇಖಕನಿಗೆ ಹುಡುಕಿಕೊಡುವುದಿಲ್ಲ. ಹುಡುಕುವ ಕೆಲಸ ಗಳಗನಾಥರ ಕಾಲದಷ್ಟೇ ಕಷ್ಟದ್ದಾಗಿ ಉಳಿದಿದೆ. ಇದೇ ಲೆಕ್ಕ ಹಿಡಿದರೆ ಮೈಲಾರದ ಜಾತ್ರೆಯಲ್ಲಿ ಓದಬಲ್ಲವರು ಐದು ಲಕ್ಷ ಸೇರಿದ್ದರೆ ಐವತ್ತು ಪ್ರತಿ ಹೋಗಬೇಕು. ಬೆಂಡು ಬತ್ತಾಸು, ಭಂಡಾರ, ಕಂಬಳಿ ಮಾರುವವರ ಸಾಲಿನಲ್ಲಿ ಕನ್ನಡ ಕಾದಂಬರಿಗೂ ಒಂದು ಅಂಗಡಿ ಇರಲಿ, ಅಲ್ಲಿ ಬರೆದವರೇ ಕೂತಿರಲಿ ಎಂಬುದು ಈ ಭಾಗದ ತಾಲ್ಲೂಕು ಸಾಹಿತ್ಯ ಪರಿಷತ್ತುಗಳಿಗೆ ನನ್ನ ಮನವಿ.