ಬಾಣಂತಿಯ ಅನ್ನ, ಬಾಣಂತಿಯ ಮನಸ್ಸು

ಗರ್ಭಿಣಿಗೆ ನಮ್ಮ ನಾಡಿನಲ್ಲಿ ದೊರೆಯುವ ಆದರವು ಅಲ್ಪವಾದುದಲ್ಲ. ಅವಳ ಬಯಕೆಯನ್ನು ಕೇಳಿ ನಡೆಸುವುದುಂಟು. ಸೀಮಂತದ ದಿನ ಹಸುರು ಬಳೆ ತೊಡಿಸಿ, ಮಡಿಲು ತುಂಬಿ, ಬಗೆಬಗೆಯ ಭಕ್ಷ್ಯಗಳನ್ನು ಬಡಿಸುವುದುಂಟು. ಆದರೆ ಹೆರಿಗೆಯಾದ ಮರುದಿನದಿಂದ ಮನೆಯವರ ದೃಷ್ಟಿಯೆಲ್ಲ ತೊಟ್ಟಿಲ ಕಡೆಗೆ ತಿರುಗುವುದು. ಮಗು ಯಾರನ್ನು ಹೋಲುತ್ತದೆ ಎಂದು ಬಂದವರೆಲ್ಲರೂ ವಿಚಾರಿಸುವರು. ಹೆತ್ತವಳು ಏನು ಉಂಡಳು, ಎಷ್ಟು ಹೊತ್ತು ನಿದ್ರಿಸಿದಳು, ಅವಳ ಮನಸ್ಸು ಹೇಗಿದೆ ಎಂದು ಕೇಳುವವರು ವಿರಳ. ಈ ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ಆಹಾರದ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು 2020ರಲ್ಲಿ ಪ್ರಕಟಿಸಿದ ಪ್ರಮಾಣಗಳಂತೆ, ಗರ್ಭಿಣಿಗೆ ನಿತ್ಯದ ಆಹಾರಕ್ಕಿಂತ ದಿನಕ್ಕೆ 350 ಕಿಲೊಕ್ಯಾಲೊರಿಗಳಷ್ಟು ಹೆಚ್ಚು ಬೇಕು. ಮೊದಲ ಆರು ತಿಂಗಳು ಮೊಲೆಯೂಡಿಸುವ ತಾಯಿಗಾದರೋ 600 ಬೇಕು. ಮಗುವನ್ನು ಹೊತ್ತಿದ್ದಾಗ ಬೇಕಾದುದಕ್ಕಿಂತ ಹಾಲೂಡಿಸುವಾಗ ಬೇಕಾದುದೇ ಅಧಿಕ. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದುದು. ಅವಳಿಗೆ ಹೆಚ್ಚು ಬೇಕಾದ ಕಾಲದಲ್ಲಿಯೇ ನಾವು ಪಥ್ಯವೆಂದು ಹೇಳಿ ಕಡಿಮೆ ಬಡಿಸುತ್ತೇವೆ.

ಹಾಗೆಂದು ಹಳೆಯ ಬಾಣಂತನವನ್ನು ಒಟ್ಟಾಗಿ ಹಳಿಯುವುದು ಸರಿಯಲ್ಲ. ತವರಿನ ಆಶ್ರಯ, ಎಣ್ಣೆನೀರಿನ ಅಭ್ಯಂಜನ, ಕೆಲಸದಿಂದ ಬಿಡುವು, ಬಿಸಿಯಾದ ಅನ್ನಕ್ಕೆ ತುಪ್ಪ, ಬೆಳ್ಳುಳ್ಳಿ, ಮೆಣಸಿನ ಸಾರು, ಸಬ್ಬಸಿಗೆಯ ಸೊಪ್ಪು, ಕೊಬ್ಬರಿ ಬೆಲ್ಲಗಳ ಅಂಟಿನ ಉಂಡೆ, ಇವುಗಳಲ್ಲಿ ವಿವೇಕವೂ ವಾತ್ಸಲ್ಯವೂ ಉಂಟು. ಕೇಡಾಗುವುದು ನಿಷೇಧಗಳಿಂದ. ಹಣ್ಣು ಶೀತ, ಬೇಳೆ ವಾಯು, ಕೆಲವು ತರಕಾರಿ ನಂಜು ಎಂದು ಒಂದೊಂದನ್ನಾಗಿ ಎಲೆಯಿಂದ ತೆಗೆದುಬಿಟ್ಟರೆ ಉಳಿಯುವುದು ಅನ್ನ, ಸಾರು ಎರಡೇ. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲವೆಂದು ಬಾಯಾರಿದವಳಿಗೆ ನೀರನ್ನೂ ಅಳೆದು ಕೊಡುವವರಿದ್ದಾರೆ. ಹಾಲಿನ ಬಹುಭಾಗ ನೀರೇ ಎಂಬುದನ್ನು ಅವರು ಮರೆಯುತ್ತಾರೆ.

ಇಂಥ ಬಡ ಆಹಾರದಿಂದ ತಾಯಿಯ ರಕ್ತವೇ ಕೆಡುವುದೆಂಬುದನ್ನು ಭಾರತದಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಖ್ಯಳು. 1928ರಲ್ಲಿ ಆಕೆ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದಳು. ಇದಕ್ಕೆ ರೋಗಾಣುಗಳಲ್ಲ, ಊಟದ ಕೊರತೆಯೇ ಕಾರಣವಿರಬೇಕೆಂಬ ಊಹೆ ಅವಳಿಗೆ ಬಲವಾಯಿತು. ಯೀಸ್ಟಿನ ಸಾರವಾದ ಮಾರ್ಮೈಟನ್ನು ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. ಈ ಫಲಿತಾಂಶವನ್ನು ಆಕೆ 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರ ವೇಳೆಗೆ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ವಿಜ್ಞಾನಿಗಳ ತಂಡಕ್ಕೆ ನಾಯಕನಾಗಿದ್ದವನು ನಮ್ಮ ನೆರೆಯ ಆಂಧ್ರದವನಾದ ಯಲ್ಲಾಪ್ರಗಡ ಸುಬ್ಬರಾವ್. ಇಷ್ಟು ದೇಶಗಳನ್ನು ಸುತ್ತಿಬಂದ ಆ ವಸ್ತುವು ನಮ್ಮ ಹಿತ್ತಲಿನ ಸೊಪ್ಪಿನಲ್ಲಿಯೇ ಇರುವಾಗ ಬಾಣಂತಿಗೆ ಸೊಪ್ಪು ಕೂಡದೆನ್ನುವುದು ಎಂಥ ವಿಪರ್ಯಾಸ!

ರಕ್ತಹೀನತೆಯು ಇಂದಿಗೂ ತೊಲಗಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 52 ಮಂದಿ ರಕ್ತಹೀನರು. ಇದಕ್ಕಾಗಿಯೇ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುವ ಮಾತ್ರೆಯನ್ನು ಗರ್ಭಕಾಲದಲ್ಲಿ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಸೇವಿಸಬೇಕೆಂದು ಸರ್ಕಾರವು ಗೊತ್ತುಮಾಡಿದೆ. ಹೆರಿಗೆಯೊಡನೆ ಮಾತ್ರೆಯ ಕಾಲವೂ ಮುಗಿಯಿತೆಂದು ತಿಳಿಯುವುದು ತಪ್ಪು. ಮಾತ್ರೆ ನುಂಗಿದೊಡನೆ ಕಾಫಿ ಕುಡಿದರೆ ಕಬ್ಬಿಣವು ಮೈಗೆ ಹತ್ತುವುದು ಕಡಿಮೆಯಾಗುವುದು. ನಿಂಬೆಯ ಹುಳಿ ಸೇರಿದರೆ ಹೆಚ್ಚುವುದು. ಕಾಫಿಯ ಊರಿನವರಾದ ನಾವು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ರಕ್ತಕ್ಕೂ ಮನಸ್ಸಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕಬ್ಬಿಣವು ರಕ್ತಕ್ಕೆ ಮಾತ್ರವಲ್ಲ, ಮಿದುಳಿನ ವ್ಯಾಪಾರಕ್ಕೂ ಅವಶ್ಯ. ದಕ್ಷಿಣ ಆಫ್ರಿಕದಲ್ಲಿ ರಕ್ತಹೀನರಾಗಿದ್ದ ಬಾಣಂತಿಯರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಕಬ್ಬಿಣವನ್ನು ಪಡೆದವರ ಖಿನ್ನತೆಯೂ ಕಳವಳವೂ ತಗ್ಗಿದುದು ಕಂಡುಬಂದಿತು. ಆದರೆ ಒಳ್ಳೆಯ ಊಟವೊಂದರಿಂದಲೇ ಮನಸ್ಸಿನ ರೋಗವೆಲ್ಲ ವಾಸಿಯಾಗುವುದೆಂದು ಯಾರೂ ಭ್ರಮಿಸಬಾರದು. ಹಸಿದ ದೇಹ, ನಿದ್ರೆಗೆಟ್ಟ ಕಣ್ಣು, ಒಂಟಿತನ, ಇವು ಮೂರೂ ಕೂಡಿದಲ್ಲಿ ಮನಸ್ಸು ಕುಸಿಯುವುದು ಸುಲಭವೆಂಬುದಷ್ಟೆ ನಮ್ಮ ಅಭಿಪ್ರಾಯ.

ಈ ಕುಸಿತದಲ್ಲಿ ಮೂರು ತರಗಳುಂಟು. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದೊಳಗೆ ಅಕಾರಣವಾಗಿ ಅಳು ಬರುವುದು, ಮನಸ್ಸು ತಳಮಳಿಸುವುದು ಬಹುಮಂದಿಗೆ ಸಹಜ. ಎರಡು ವಾರದೊಳಗೆ ಅದು ತಾನೇ ಅಡಗುವುದು. ಎರಡು ವಾರ ಮೀರಿಯೂ ದುಃಖವು ನಿಂತು, ಮಗುವು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದೆ, ಊಟ ಸೇರದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ತಾನು ತಾಯಿಯಾಗಲು ಯೋಗ್ಯಳಲ್ಲವೆಂಬ ಭಾವನೆ ಕೊರೆಯುತ್ತಿದ್ದರೆ ಅದು ರೋಗ. ಮೂರನೆಯದು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಉನ್ಮಾದ. ಇಲ್ಲದ ದನಿ ಕೇಳುವುದು, ಅಸಂಬದ್ಧವಾಗಿ ಮಾತನಾಡುವುದು, ಮಗುವಿನ ವಿಷಯದಲ್ಲಿ ವಿಪರೀತ ಶಂಕೆ, ಇವು ಅದರ ಲಕ್ಷಣಗಳು. ನಮ್ಮ ಹಿರಿಯರು ಬಾಣಂತಿಸನ್ನಿ ಎನ್ನುತ್ತಿದ್ದುದರಲ್ಲಿ ಜ್ವರದ ಸನ್ನಿಯ ಜೊತೆಗೆ ಇದೂ ಸೇರಿತ್ತು. ಇಂಥ ಸ್ಥಿತಿಯಲ್ಲಿ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತಡಮಾಡಿದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಇದೇನೂ ಹೊಸ ಕಾಲದ ರೋಗವಲ್ಲ. ಫ್ರಾನ್ಸಿನ ವೈದ್ಯ ಮಾರ್ಸೆ 1858ರಲ್ಲಿಯೇ ಈ ವಿಷಯವಾಗಿ ಒಂದು ಗ್ರಂಥವನ್ನು ಬರೆದಿದ್ದನು.

ಈ ಮೂರರಲ್ಲಿ ಕಣ್ಣಿಗೆ ಬೀಳದೆ ಹೋಗುವುದು ನಡುವಣ ಖಿನ್ನತೆ. ಗೋವೆಯಲ್ಲಿ ಬಾಣಂತಿಯರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ಮಂದಿ ಈ ಖಿನ್ನತೆಗೆ ಒಳಗಾಗಿದ್ದರು. ಬಡತನ, ಗಂಡನೊಡನೆ ವಿರಸ, ಗಂಡನ ಕೈಯಲ್ಲಿ ಪೆಟ್ಟು, ಇವು ಅಲ್ಲಿ ಎದ್ದುಕಂಡ ಕಾರಣಗಳು. ಹುಟ್ಟಿದ ಮಗು ಹೆಣ್ಣಾದರೆ ಅಪಾಯ ಇನ್ನೂ ಹೆಚ್ಚು. ಹೆಣ್ಣು ಹುಟ್ಟಿತೆಂದು ಮನೆಯವರು ಮುಖ ಗಂಟಿಕ್ಕಿಕೊಂಡರೆ ಅದು ನೇರವಾಗಿ ತಾಯಿಯ ಆರೋಗ್ಯಕ್ಕೆ ತಗಲುವ ಪೆಟ್ಟೆಂದೇ ಇದರ ಅರ್ಥ. ಇಂಥ ತಾಯಿಯನ್ನು ಕಂಡು ಒಬ್ಬರು ಸೋಮಾರಿತನವೆನ್ನುವರು; ಮತ್ತೊಬ್ಬರು ಓದಿದವಳ ಅಹಂಕಾರವೆನ್ನುವರು; ಮೂರನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವರು. ವಿದ್ಯಾವಂತರ ಮನೆಗಳೂ ಇದಕ್ಕೆ ಹೊರತಲ್ಲ.

ರೋಗವನ್ನು ಗುರುತಿಸುವುದು ಕಷ್ಟವೇನೂ ಅಲ್ಲ. 1987ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಎಡಿನ್‌ಬರೊ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆಗಳು. ಅದು ಕನ್ನಡದಲ್ಲಿಯೂ ಉಂಟು. ಚಿಕಿತ್ಸೆಯೂ ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನಡೆಸುವ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಬಹುದು. ಔಷಧ ಸೇವಿಸಿದರೆ ಮೊಲೆಯೂಡಿಸುವುದನ್ನು ನಿಲ್ಲಿಸಲೇಬೇಕೆಂಬ ಭಯ ಅನೇಕರಿಗಿದೆ. ಹಾಲೂಡಿಸುತ್ತಲೇ ಸೇವಿಸಬಹುದಾದ ಔಷಧಗಳುಂಟು. ಅವನ್ನು ವೈದ್ಯರು ಆರಿಸಿಕೊಡುವರು.

ಇನ್ನು ಮನೆಯವರ ಕರ್ತವ್ಯ. ಬಾಣಂತಿಯ ಎಲೆಗೆ ಬೇಳೆ, ಸೊಪ್ಪು, ಹಾಲು, ಹಣ್ಣು, ರೂಢಿಯಿದ್ದವರಲ್ಲಿ ಮೊಟ್ಟೆ ಮೀನುಗಳು ಬೀಳಲಿ. ರಾಗಿಯ ಗಂಜಿಯೋ ಮುದ್ದೆಯೋ ಇರಲಿ. ಬಾಯಾರಿದಾಗಲೆಲ್ಲ ನೀರು ಸಿಗಲಿ. ರಾತ್ರಿಯಲ್ಲಿ ಒಂದು ಹೊತ್ತಾದರೂ ಮಗುವನ್ನು ಬೇರೊಬ್ಬರು ಎತ್ತಿಕೊಂಡು ಅವಳಿಗೆ ಒಂದೇ ಸಮನೆ ನಾಲ್ಕು ಗಂಟೆಯ ನಿದ್ರೆ ದೊರಕಿಸಲಿ. ಈ ಕೆಲಸಕ್ಕೆ ಗಂಡನು ಅನರ್ಹನೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಎಲ್ಲಕ್ಕಿಂತ ಮೊದಲು, ತೊಟ್ಟಿಲನ್ನು ಇಣುಕಿ ನೋಡುವ ಮುನ್ನ ಹಾಸಿಗೆಯ ಕಡೆ ತಿರುಗಿ, "ನೀನು ಹೇಗಿದ್ದೀಯಮ್ಮ?" ಎಂದು ಕೇಳಿ, ಅವಳು ಉತ್ತರ ಹೇಳಿ ಮುಗಿಸುವವರೆಗೆ ಕುಳಿತಿರುವುದನ್ನು ನಾವು ರೂಢಿಮಾಡಿಕೊಳ್ಳತಕ್ಕದ್ದು.