ಹೊತ್ತು ತಿಳಿಸಿ ಬರುವ ನೆರಳು

1980ರ ಫೆಬ್ರುವರಿ 16, ಶನಿವಾರ, ಪೂರ್ಣ ಸೂರ್ಯಗ್ರಹಣದ ದಿನ. ಮಧ್ಯಾಹ್ನ ಮೂರೂವರೆ ದಾಟಿತ್ತು. ಚಂದ್ರನ ನೆರಳು ಅಂಕೋಲಾದ ಕಡಲು ದಾಟಿ, ಘಟ್ಟ ಏರಿ ಬಂತು. ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಶಿಗ್ಗಾವಿ, ಸವಣೂರು, ಹಾನಗಲ್ ದಟ್ಟ ನೆರಳಿನ ಹಾದಿಯಲ್ಲಿದ್ದವು. ಹಿರೇಕೆರೂರು ಆ ಹಾದಿಯ ದಕ್ಷಿಣದ ಅಂಚಿನ ಕಡೆಗಿತ್ತು. ಹಾದಿಯ ನಡುಗೆರೆಯ ಆಸುಪಾಸಿನಲ್ಲಿ ಎರಡೂವರೆ ನಿಮಿಷಕ್ಕೂ ಮಿಕ್ಕಿ ಹಗಲೇ ಕತ್ತಲಾಯಿತು. ಹುಬ್ಬಳ್ಳಿ ಬಳಿಯ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು.

ಹೊತ್ತು ಗೊತ್ತಿದ್ದುದರಿಂದಲೇ ಅವರು ಕಾಯಬಲ್ಲವರಾದರು. ಪೂರ್ಣ ಗ್ರಹಣಕ್ಕೆ ಪಂಚಾಂಗ ನಾಲ್ಕು ಮುಖ್ಯ ಗಳಿಗೆಗಳನ್ನು ಹೇಳುತ್ತದೆ: ಸ್ಪರ್ಶ, ಸಮ್ಮೀಲನ, ಉನ್ಮೀಲನ, ಮೋಕ್ಷ. ಹಿಡಿಯುವುದು, ಪೂರ್ತಿ ಮುಚ್ಚುವುದು, ತೆರೆಯತೊಡಗುವುದು, ಬಿಡುವುದು. ಉಪಗ್ರಹಗಳಿಗೂ ಇಂದು ಇಂಥವೇ ನಾಲ್ಕು ಗಳಿಗೆ ಲೆಕ್ಕವಾಗುತ್ತವೆ: ಅರೆನೆರಳಿಗೆ ಕಾಲಿಡುವುದು, ದಟ್ಟ ನೆರಳಿಗೆ ಇಳಿಯುವುದು, ಅದರಿಂದ ಹೊರಬರುವುದು, ಅರೆನೆರಳನ್ನೂ ದಾಟುವುದು.

ನಡುರಾತ್ರಿಯ 72 ನಿಮಿಷ

ನಮ್ಮ ಮೋಡಗಳನ್ನು ಕಾಣುವ ಇನ್ಸಾಟ್-3ಡಿಆರ್ ಉಪಗ್ರಹ 2016ರ ಸೆಪ್ಟೆಂಬರ್ 8ರಂದು ಹಾರಿತು. ಅದರ ನೆಲೆ ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹಾನಗಲ್ಲಿನ ರೇಖಾಂಶವೂ ಹತ್ತಿರಹತ್ತಿರ ಅದೇ. ವರ್ಷದ ಬಹುಪಾಲು ಈ ಉಪಗ್ರಹ ಭೂಮಿಯ ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು-ರಾತ್ರಿ ಸಮನಾಗುವ ದಿನಗಳ ಸುತ್ತಿನ ತಲಾ ಸುಮಾರು 45 ದಿನ ಮಾತ್ರ ನೇರ ನೆರಳಿಗೆ ಸಿಕ್ಕುತ್ತದೆ. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಯ ಆಚೀಚೆ. ನೆರಳು ಅತಿ ದೀರ್ಘವಾಗಿರುವ ದಿನ 72 ನಿಮಿಷ. ಅದರಲ್ಲಿ ಆರಂಭದ ಎರಡು, ಕೊನೆಯ ಎರಡು ನಿಮಿಷ ಅರೆನೆರಳು.

ಅಷ್ಟು ಹೊತ್ತು ಸೌರಫಲಕ ಕೆಲಸ ಮಾಡದು, ಬ್ಯಾಟರಿಯೇ ಜೀವ. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದವರಿಗೆ ನೆರಳಿನ ವೇಳಾಪಟ್ಟಿ ಮೊದಲೇ ಕೈಯಲ್ಲಿರಬೇಕು: ಬ್ಯಾಟರಿ ತುಂಬಿರಬೇಕು, ಚಳಿ ತಡೆಯುವ ಹೀಟರುಗಳು ಸಿದ್ಧವಿರಬೇಕು. ಚಂದ್ರನ ನೆರಳೂ ಆಗಾಗ ಅಡ್ಡ ಬರುತ್ತದೆ. ಅದಕ್ಕೆ ಋತುವಿಲ್ಲ, ಪ್ರತಿ ಸಲವೂ ಹೊಸ ಲೆಕ್ಕ.

ಮಂಗಳಯಾನದ ಪಾಠ

ಲೆಕ್ಕ ಜೀವ ಉಳಿಸಿದ್ದೂ ಉಂಟು. ಮಂಗಳಯಾನದ ಬ್ಯಾಟರಿಗೆ ತಡೆಯಲಾಗುತ್ತಿದ್ದುದು ಸುಮಾರು 1 ಗಂಟೆ 40 ನಿಮಿಷದ ನೆರಳು. ಮುಂದೆ ಎಂಟು ಗಂಟೆಯವರೆಗಿನ ಗ್ರಹಣಗಳಿವೆ ಎಂದು ಮೊದಲೇ ಕಂಡುಕೊಂಡ ಇಸ್ರೊ, 2017ರ ಜನವರಿ 17ರಂದು ಎಂಜಿನ್ ಉರಿಸಿ ಕಕ್ಷೆಯನ್ನೇ ಸರಿಸಿತು. ನೌಕೆ ಇನ್ನೂ ಐದು ವರ್ಷ ಬಾಳಿತು. 2022ರ ಏಪ್ರಿಲ್‌ನಲ್ಲಿ ಏಳೂವರೆ ಗಂಟೆಯ ನೆರಳು ಕವಿದು ಸಂಪರ್ಕ ಕಡಿಯಿತು. ನೆರಳಿನ ಹೊತ್ತು ತಿಳಿದರಷ್ಟೇ ಸಾಲದು, ಸರಿದು ನಿಲ್ಲಲು ಇಂಧನವೂ ಬೇಕು.

ಕದಂಬರ, ಚಾಲುಕ್ಯರ ಕಾಲದ ಶಾಸನಗಳು ಗ್ರಹಣದ ದಿನವನ್ನು ಕಲ್ಲಿನಲ್ಲಿ ಕೊರೆದು, ಆ ದಿನ ಕೊಟ್ಟ ದಾನವನ್ನು ದಾಖಲಿಸಿವೆ. ಕೊಟ್ಟದ್ದಕ್ಕೆ ನೆರಳೇ ಸಾಕ್ಷಿ. ಇಂದು ಹಾಸನದಲ್ಲಿ ರಾತ್ರಿಪಾಳಿಯವರು ಅದೇ ಶ್ರದ್ಧೆಯಿಂದ ನಾಲ್ಕು ಗಳಿಗೆ ಎಣಿಸುತ್ತಾರೆ. ಸವಣೂರಿನಲ್ಲಿ ಮೆಕ್ಕೆಜೋಳದ ರಾಶಿ ಹರವಿಕೊಂಡ ರೈತ ಬೆಳಗ್ಗೆ ಎದ್ದು ಮಳೆಯ ಮುನ್ಸೂಚನೆ ನೋಡುವಾಗ, ಅದರ ಹಿಂದೆ ಅವರ ಆ ಎಚ್ಚರವೂ ಇರುತ್ತದೆ.