ಒಂದು ಹನಿ ರಕ್ತ, ಹಲವು ಬಣ್ಣ

1892ರ ಜೂನ್ 7. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೋಮರ್ ಪ್ಲೆಸ್ಸಿ ಎಂಬ ಯುವಕ ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರಿಗೆ ಮೀಸಲಾದ ರೈಲು ಬೋಗಿಯಲ್ಲಿ ಕುಳಿತ. ಬೂಟು ಹೊಲಿಯುವುದು ಆತನ ಕಸುಬು. ಅವನ ಎಂಟು ಮಂದಿ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಏಳು ಮಂದಿ ಬಿಳಿಯರು. ಮುಖ ನೋಡಿ ಯಾರೂ ಅವನನ್ನು ಕರಿಯನೆನ್ನುವಂತಿರಲಿಲ್ಲ. ಕಂಡಕ್ಟರ್ ಕೇಳಿದಾಗ ಅವನೇ ಹೇಳಿಕೊಂಡ, ಬಂಧನವೂ ಆಯಿತು. ಪ್ರತ್ಯೇಕ ಬೋಗಿಯ ಕಾನೂನನ್ನು ಪ್ರಶ್ನಿಸಲೆಂದೇ ಊರಿನ ನಾಗರಿಕರ ಸಮಿತಿಯೊಂದು ಹೂಡಿದ್ದ ಉಪಾಯ ಅದು. 1896ರಲ್ಲಿ ಸುಪ್ರೀಂ ಕೋರ್ಟು ಪ್ಲೆಸ್ಸಿಯ ವಿರುದ್ಧ ತೀರ್ಪಿತ್ತಿತು.

ಏಳು ಪಾಲು ಬಿಳಿಯ, ಒಂದು ಪಾಲು ಕರಿಯನಾದವನು ಕರಿಯನೇ ಏಕಾಗಬೇಕು? ಇದರ ಬೇರು ಗುಲಾಮಗಿರಿಯಲ್ಲಿದೆ. ಹುಟ್ಟುವ ಮಗುವಿಗೆ ತಾಯಿಯ ಸ್ಥಿತಿಯೇ ಗತಿ ಎಂದು 1662ರಲ್ಲಿಯೇ ವರ್ಜೀನಿಯಾ ಕಾನೂನು ಮಾಡಿತ್ತು. ಒಡೆಯನಿಂದ ಗುಲಾಮ ಹೆಣ್ಣಿಗೆ ಹುಟ್ಟಿದ ಮಗು ಒಡೆಯನ ಮಗುವಾಗಲಿಲ್ಲ, ಅವನ ಆಸ್ತಿಯಾಯಿತು. ಮುಂದೆ ಇದೇ ‘ಒಂದು ಹನಿ’ ನಿಯಮವಾಗಿ ಬೆಳೆಯಿತು. 1924ರಲ್ಲಿ ಅದೇ ವರ್ಜೀನಿಯಾ ಇದನ್ನು ಕಾನೂನಿನಲ್ಲಿ ಬಿಗಿದರೆ, 1930ರ ಜನಗಣತಿ ‘ಮುಲಾಟೊ’ ಎಂಬ ಮಿಶ್ರ ಕಲಮನ್ನೇ ಕಿತ್ತುಹಾಕಿತು.

ಹೊರಗಿನಿಂದ ಎಲ್ಲರೂ ಒಂದೇ ಎಂದರೇನು, ಒಳಗೆ ಮೆಟ್ಟಿಲುಗಳಿದ್ದವು. ಒಡೆಯರ ಮಿಶ್ರ ಸಂತಾನದಲ್ಲಿ ಕೆಲವರಿಗೆ ಹೊಲದ ಬದಲು ಮನೆಗೆಲಸ, ಅಕ್ಷರ, ಅಪರೂಪಕ್ಕೆ ಬಿಡುಗಡೆ ಸಿಕ್ಕಿತ್ತು. ವಿಮೋಚನೆಯ ನಂತರ ವಿದ್ಯೆ, ವೃತ್ತಿ, ಆಸ್ತಿಯ ಓಟದಲ್ಲಿ ಅವರ ಮಕ್ಕಳು ಒಂದು ಹೆಜ್ಜೆ ಮುಂದಿದ್ದರು. ಕಂದು ಕಾಗದದ ಚೀಲಕ್ಕಿಂತ ಮೈಬಣ್ಣ ಗಾಢವಾಗಿದ್ದರೆ ಒಳಗೆ ಬಿಡದ ಕ್ಲಬ್ಬುಗಳ ಕಥೆಗಳು ಕರಿಯರ ಮನೆಗಳಲ್ಲಿ ತಲೆಮಾರುಗಳಿಂದ ಬಂದಿವೆ. ಬಿಳಿಯ ಕರಿಯನಿಗೆ ಮಾಡುವುದು ವರ್ಣಭೇದ. ತಮ್ಮವರೊಳಗೇ ನಡೆಯುವ ಈ ಮೈಬಣ್ಣದ ತಾರತಮ್ಯಕ್ಕೆ ‘ಕಲರಿಸಂ’ ಎಂಬ ಮಾತನ್ನು ಚಾಲ್ತಿಗೆ ತಂದವರು ಲೇಖಕಿ ಆಲಿಸ್ ವಾಕರ್, 1980ರ ದಶಕದ ಆರಂಭದಲ್ಲಿ.

ಬಿಳಿ ಬಣ್ಣ ಸದಾ ಸುಖ ತಂದಿತೆಂದೂ ಅಲ್ಲ. ವಾಲ್ಟರ್ ವೈಟ್ ಅವರದು ನೀಲಿ ಕಣ್ಣು, ಹೊಂಬಣ್ಣದ ಕೂದಲು. ಆದರೂ ಕರಿಯರ ಹಕ್ಕುಗಳ ಸಂಸ್ಥೆ ಎನ್.ಎ.ಎ.ಸಿ.ಪಿ.ಯ ಕಾರ್ಯಕರ್ತರು, ಮುಂದೆ ಅದರ ಮುಖ್ಯಸ್ಥರು. ಗುಂಪುಹತ್ಯೆಗಳ ತನಿಖೆಗೆ ಬಿಳಿಯ ಪತ್ರಕರ್ತನಂತೆ ಹೋಗಿ ಕೊಂದವರ ಬಾಯಿಂದಲೇ ವಿವರ ಪಡೆಯುತ್ತಿದ್ದರು. 1919ರಲ್ಲಿ ಆರ್ಕನ್ಸಾದಲ್ಲಿ ಗುಟ್ಟು ರಟ್ಟಾಯಿತು. ದಾರಿಯಲ್ಲಿ ಒಬ್ಬ ಕರಿಯ ಎಚ್ಚರಿಸಿದ್ದರಿಂದ ಹೇಗೋ ರೈಲು ಹತ್ತಿದರು. ಬಿಳಿಯನಂತೆ ನಟಿಸುತ್ತಿರುವ ಕರಿಯನೊಬ್ಬನನ್ನು ಊರಲ್ಲಿ ಹಿಡಿಯಲಿದ್ದಾರೆ, ಅಂಥ ಮೋಜು ಬಿಟ್ಟು ಹೊರಟಿರಲ್ಲ ಎಂದು ಕಂಡಕ್ಟರ್ ಅವರೆದುರೇ ಪೇಚಾಡಿದನಂತೆ! ಆಟ್ಲಾಂಟಾದಲ್ಲಿ ಹುಟ್ಟಿದ ಈ ಮನುಷ್ಯ ಬಿಳಿಯನಾಗಿಯೇ ಬದುಕಿ ಹಾಯಾಗಿರಬಹುದಿತ್ತು. ಹಾಗೆ ಬದುಕಿ, ಒಡಹುಟ್ಟಿದವರ ಸಂಪರ್ಕವನ್ನೇ ಕಡಿದುಕೊಂಡವರೂ ಆ ಕಾಲದಲ್ಲಿದ್ದರು. ಆದರೆ ಕರಿಯರ ನಾಯಕರೆಲ್ಲ ಇಂಥ ತಿಳಿಬಣ್ಣದವರೇ ಏಕೆಂದು ಮಾರ್ಕಸ್ ಗಾರ್ವೆ ಮೂದಲಿಸಿದ್ದರು. ಗಾರ್ವೆ ಜಮೈಕಾದವರು. ಅಲ್ಲಿ ಮಿಶ್ರವರ್ಣದವರದೇ ಪ್ರತ್ಯೇಕ ಮಧ್ಯಮ ಸ್ತರವಿತ್ತು. ಅದರ ಕಹಿ ಅವರ ಮಾತಿನಲ್ಲಿತ್ತು. ಮೂದಲಿಕೆ ಒರಟೇ, ಆದರೆ ಪ್ರಶ್ನೆ ಸುಳ್ಳಲ್ಲ.

ಇದು ಮಕ್ಕಳ ಮನಸ್ಸಿಗೆ ಎಷ್ಟು ಬೇಗ ಇಳಿಯುತ್ತದೆ? ಮನೋವಿಜ್ಞಾನಿ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ 3ರಿಂದ 7 ವರ್ಷದ 253 ಕರಿಯ ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನಿಟ್ಟರು. 1947ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬೇಡಿದ್ದು ಬಿಳಿ ಗೊಂಬೆಯನ್ನು. ‘ನಿನ್ನಂತಿರುವ ಗೊಂಬೆ ಕೊಡು’ ಎಂದಾಗ ತಿಳಿಬಣ್ಣದ ಮಕ್ಕಳಲ್ಲಿ ಹೆಚ್ಚಿನವರು ಎತ್ತಿಕೊಟ್ಟದ್ದೂ ಬಿಳಿಯದನ್ನೇ. ಕಣ್ಣಿಗೆ ಕಂಡದ್ದನ್ನು ಹೇಳಿದರೆ ತಪ್ಪೇ? ಆದರೆ ಶಾಲೆ ಅವರನ್ನು ಕರಿಯರೆಂದೇ ಕೂರಿಸುತ್ತಿತ್ತು. ಶಾಲೆಗಳಲ್ಲಿ ಪ್ರತ್ಯೇಕತೆಯನ್ನು ತಳ್ಳಿಹಾಕಿದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಹೆಸರಿದೆ.

ಕರಿ-ಬಿಳಿಯರ ಮದುವೆಗೆ ದೇಶದಾದ್ಯಂತ ಕಾನೂನಿನ ಅಡ್ಡಿ ತೊಲಗಿದ್ದು 1967ರಲ್ಲಿ. ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಲು ಅವಕಾಶ ಸಿಕ್ಕಿದ್ದು 2000ದಲ್ಲಿ. ಬಿಳಿಯ ತಾಯಿಯ ಮಗ ಬರಾಕ್ ಒಬಾಮ, ಅಧ್ಯಕ್ಷರಾಗಿದ್ದಾಗಲೇ, 2010ರಲ್ಲಿ ಕರಿಯ ಎಂಬ ಒಂದೇ ಚೌಕಕ್ಕೆ ಗುರುತು ಹಾಕಿದರು. ಹೊಸ ಪೀಳಿಗೆಯ ಹಲವರು ಎರಡಕ್ಕೂ ಹಾಕುತ್ತಾರೆ. ಹಾಗೆ ಮಾಡಿದರೆ ‘ನಮ್ಮಿಂದ ಜಾರಿಕೊಳ್ಳುತ್ತೀಯಾ?’ ಎಂಬ ಪ್ರಶ್ನೆ ಒಂದು ಕಡೆಯಿಂದ. ಹಾಕದಿದ್ದರೆ ‘ಅಮ್ಮನನ್ನು ಮರೆತೆಯಾ?’ ಎಂಬುದು ಇನ್ನೊಂದು ಕಡೆಯಿಂದ.

ಮದ್ರಾಸಿನಲ್ಲಿ ಹುಟ್ಟಿದ ಶ್ಯಾಮಲಾ ಗೋಪಾಲನ್ ಜಮೈಕಾದ ಡೊನಾಲ್ಡ್ ಹ್ಯಾರಿಸ್ ಅವರನ್ನು ಮದುವೆಯಾದರು. ತನ್ನಿಬ್ಬರು ಹೆಣ್ಣುಮಕ್ಕಳನ್ನು ಅಮೆರಿಕ ಕರಿಯರೆಂದೇ ಕಾಣುತ್ತದೆಂದು ಅರಿತು, ಅದಕ್ಕೆ ತಕ್ಕಂತೆ ಹೆಮ್ಮೆಯಿಂದ ಬೆಳೆಸಿದರು. ಮದ್ರಾಸಿನ ಅಜ್ಜನ ಮನೆಯನ್ನೂ ತಪ್ಪಿಸಲಿಲ್ಲ. ಹಿರಿಮಗಳು ಕಮಲಾ ಓದಿದ್ದು ಕರಿಯರ ಹೆಸರಾಂತ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಆಕೆ ಅಧ್ಯಕ್ಷ ಪದವಿಗೆ ನಿಂತಾಗ, 2024ರ ಜುಲೈ 31ರಂದು, ಷಿಕಾಗೊದಲ್ಲಿ ಕರಿಯ ಪತ್ರಕರ್ತರ ಸಭೆಯಲ್ಲಿ ಎದುರಾಳಿ ಡೊನಾಲ್ಡ್ ಟ್ರಂಪ್ ಎತ್ತಿದ ಪ್ರಶ್ನೆ: ಈಕೆ ಭಾರತೀಯಳೋ, ಕರಿಯಳೋ? ಕಮಲಾಗೆ ಆಗ 59 ವರ್ಷ.